ಡಿಹ್ಯುಮಿಡಿಫೈಯರ್ ಜೊತೆ ಮೂರು ವರ್ಷ: ಕೋಣೆ ಒಣಗಿತು, ಹಜಾರದ ಗೋಡೆ ಒಣಗಲಿಲ್ಲ

ಬೆಳಗ್ಗೆ ಎದ್ದ ಕೂಡಲೇ ನನ್ನ ಮೊದಲ ಕೆಲಸ, ಗಾಳಿಯ ತೇವವನ್ನು ನೀರಾಗಿಸಿ ಹಿಡಿಯುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್‌ನ ಟ್ಯಾಂಕ್ ಖಾಲಿ ಮಾಡುವುದು. ಮೆಲ್ಲಗೆ ಎಳೆಯಬೇಕು, ಇಲ್ಲದಿದ್ದರೆ ತುಳುಕುತ್ತದೆ. ಎರಡೂ ಕೈಯಲ್ಲಿ ಹಿಡಿದು ಬಚ್ಚಲಿಗೆ ಸುರಿಯುವಾಗ, ಇಷ್ಟೂ ನೀರು ನಾವು ಮಲಗಿದ್ದ ಕೋಣೆಯ ಗಾಳಿಯಲ್ಲೇ ಇತ್ತಲ್ವಾ ಅಂತ ಮೂರು ವರ್ಷ ಆದಮೇಲೂ ಅಚ್ಚರಿಯಾಗುತ್ತದೆ. ಆಮೇಲೆ ಗೋಡೆಯ ಮೇಲಿನ, ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಕಡೆ ಒಂದು ನೋಟ. ಮೊದಲು 80%ರ ಮೇಲೇ ಇರುತ್ತಿದ್ದ ಮುಳ್ಳು ಈಗ 55ರ ಆಸುಪಾಸಿನಲ್ಲಿ ನಿಂತಿರುತ್ತದೆ. ಬಟ್ಟೆಗೆ ಮುಗ್ಗಲು ವಾಸನೆ ಇಲ್ಲ. ಬೀರುವಿನ ಹಿಂದಿನ ಮೂಲೆಗೆ ಕಪ್ಪು ಬೂಷ್ಟು ಮರಳಿ ಬಂದಿಲ್ಲ. ಮಲಗುವ ಕೋಣೆಯ ಮಟ್ಟಿಗೆ ಇದು ನಾನು ಮನೆಗೆ ತಂದ ಅತ್ಯಂತ ಒಳ್ಳೆಯ ವಸ್ತು.

ಶಬ್ದ ಇದೆ, ಅಭ್ಯಾಸವಾಗುತ್ತದೆ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಡಬ್ಬಿಯ ಮೇಲೆ ಬರೆದಷ್ಟು ಲೀಟರ್ ನಿರೀಕ್ಷಿಸಬೇಡಿ. ಆ ಅಳತೆಯನ್ನು ಸಾಮಾನ್ಯವಾಗಿ 30 ಡಿಗ್ರಿ ಸೆಕೆ, 80% ತೇವದಲ್ಲಿ ತೆಗೆದಿರುತ್ತಾರೆ. ಚಳಿಯಲ್ಲಿ ಕಂಪ್ರೆಸರ್ ಇರುವ ಯಂತ್ರ ತುಂಬಾ ಕಡಿಮೆ ನೀರು ಹಿಡಿಯುತ್ತದೆ.

ಇನ್ನು ಹಜಾರದ ಗೋಡೆ. ನೆಲದಿಂದ ಸೊಂಟದ ಎತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತಿತ್ತು. ಒಂದು ವರ್ಷ ಪೂರ್ತಿ ಯಂತ್ರವನ್ನು ಅಲ್ಲೇ ಇಟ್ಟೆ. ಟ್ಯಾಂಕ್ ದಿನಾ ತುಂಬುತ್ತಿತ್ತು, ಕೆಲಸ ಆಗ್ತಿದೆ ಅಂತ ಖುಷಿಪಟ್ಟೆ. ಗೋಡೆ ಮಾತ್ರ ಹಾಗೇ ಇತ್ತು. ಅಷ್ಟೇ ಅಲ್ಲ, ಬಿಳಿ ಉಪ್ಪಿನ ಪುಡಿ ಮೊದಲಿಗಿಂತ ಜಾಸ್ತಿ ಬರತೊಡಗಿತು.

ಯಂತ್ರ ತರುವ ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಆಮೇಲೆ ಮಾಡಿದೆ. ಗೋಡೆ ಒರೆಸಿ, ಅಲ್ಯೂಮಿನಿಯಂ ಹಾಳೆಯ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಮಲಗುವ ಕೋಣೆಯಲ್ಲಿ ಹಾಳೆಯ ಹೊರಮೈ ಒದ್ದೆ, ಅಂದರೆ ಗಾಳಿಯ ತೇವ. ಹಜಾರದಲ್ಲಿ ಹಾಳೆಯ ಹಿಂಬದಿ ಒದ್ದೆ. ನೀರು ಗೋಡೆಯೊಳಗಿಂದಲೇ ಬರುತ್ತಿತ್ತು.

ಹಳೆಯ ಗೋಡೆಗಳ ಬುಡದಲ್ಲಿ ನೀರು ತಡೆಯುವ ಪದರ ಎಷ್ಟೋ ಕಡೆ ಇರುವುದೇ ಇಲ್ಲ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಗೋಡೆ ನೆಲದ ನೀರನ್ನು ಎಳೆಯುತ್ತದೆ. ಸುಣ್ಣದ ಗಾರೆ ಇದ್ದರೆ ಅದು ಆರಿಹೋಗಲು ದಾರಿ ಇರುತ್ತದೆ. ನಮ್ಮಲ್ಲಿ ಯಾವಾಗಲೋ ಸಿಮೆಂಟ್ ಗಿಲಾವು ಮಾಡಿ, ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದಿದ್ದರು. ನೀರು ಒಳಗೇ ಸಿಕ್ಕಿಕೊಂಡು ಮೇಲೇರಿತ್ತು. ಬಣ್ಣ ಬಿರಿದ ಕಡೆಯೆಲ್ಲ ನನ್ನ ಯಂತ್ರ ಆ ನೀರನ್ನು ಬೇಗ ಬೇಗ ಹೊರಗೆಳೆಯುತ್ತಿತ್ತು, ಜೊತೆಗೆ ಉಪ್ಪನ್ನೂ.

ಹೊರಗೆ ಗೋಡೆಗೆ ಒತ್ತಿಕೊಂಡಿದ್ದ ಮಣ್ಣನ್ನು ತೆಗೆಸಿದೆವು. ಒಳಗಿನ ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ ಹಾಕಿಸಿದೆವು. ಕೆಲಸ ಆಗಿ ಎಂಟು ತಿಂಗಳಾಯಿತು. ನೆಲದ ಹತ್ತಿರ ಒಂದು ಗೇಣಿನಷ್ಟು ಜಾಗ ಇನ್ನೂ ತಣ್ಣಗಿದೆ, ಹಾಗಾಗಿ ಬಣ್ಣ ಬಳಿದಿಲ್ಲ. ಯಂತ್ರ ಮಲಗುವ ಕೋಣೆಗೆ ವಾಪಸ್ ಹೋಗಿದೆ.