ಶ್ಯಾವ್ ಯಾವ್ ವಾನ್ ಗುಳಿಗೆ: ಗುಣವೂ ಎಚ್ಚರಿಕೆಯೂ

ಮುಟ್ಟಿಗೆ ಮುಂಚಿನ ದಿನಗಳಲ್ಲಿ ಕಾಡುವ ಸಿಡುಕು, ಸ್ತನಗಳ ಬಿಗಿತ ಮತ್ತು ಹೊಟ್ಟೆಯುಬ್ಬರಕ್ಕಾಗಿ, ಚೀನೀ ವೈದ್ಯಪದ್ಧತಿಯನ್ನು ಕಲಿತ ವೈದ್ಯೆಯೊಬ್ಬರ ಸಲಹೆಯ ಮೇರೆಗೆ ನಾನು ಕೆಲವು ತಿಂಗಳು ಈ ಗುಳಿಗೆಯನ್ನು ಬಳಸಿದೆ. ಚೀನಾದ ಸಾಂಗ್ ರಾಜವಂಶದ ಕಾಲದ ಸರ್ಕಾರಿ ಔಷಧ ಸಂಗ್ರಹದಲ್ಲಿ ದಾಖಲಾದ ಹಳೆಯ ಯೋಗವಿದು. ಚೈ ಹು, ಡಾಂಗ್ ಗುಯಿ, ಬಾಯ್ ಶಾವ್, ಬಾಯ್ ಝು, ಫು ಲಿಂಗ್ ಎಂಬ ಮೂಲಿಕೆಗಳ ಜೊತೆಗೆ ನಮಗೆ ಪರಿಚಿತವಾದ ಜ್ಯೇಷ್ಠಮಧು, ಶುಂಠಿ ಮತ್ತು ಪುದೀನ ಜಾತಿಯ ಸೊಪ್ಪು ಇದರಲ್ಲಿ ಸೇರುತ್ತವೆ.

ನಾನು ಕೊಂಡದ್ದು ಸಾಂದ್ರ ಗುಳಿಗೆ. ಕಪ್ಪುಗಂದು ಬಣ್ಣದ ಸಣ್ಣ ಉಂಡೆಗಳು. ನಾಲಿಗೆಯ ಮೇಲಿಟ್ಟರೆ ಮೊದಲು ಸಿಹಿ, ಆಮೇಲೆ ತೆಳುವಾದ ಕಹಿ. ಒಂದು ಸಲಕ್ಕೆ 8, ದಿನಕ್ಕೆ 3 ಸಲ ಎಂಬುದು ಚೀಟಿಯಲ್ಲಿದ್ದ ಪ್ರಮಾಣ. ಸಿಡುಕು ಮತ್ತು ಸ್ತನಗಳ ನೋವು ನನಗೆ ಗಮನಕ್ಕೆ ಬರುವಷ್ಟು ಕಡಿಮೆಯಾದವು. ಸ್ರಾವದ ಪ್ರಮಾಣದಲ್ಲಾಗಲಿ ಮುಟ್ಟಿನ ಅಂತರದಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಅದೇ ಅವಧಿಯಲ್ಲಿ ನಿದ್ರೆಯೂ ಸುಧಾರಿಸಿದ್ದರಿಂದ ಪೂರ್ತಿ ಶ್ರೇಯಸ್ಸನ್ನು ಗುಳಿಗೆಗೇ ಕೊಡಲಾರೆ.

ನನ್ನ ಮುಖ್ಯ ಆಕ್ಷೇಪ ಡಬ್ಬಿಯ ಮೇಲಿನ ‘ಹಾರ್ಮೋನ್ ಸಮತೋಲನ’ ಎಂಬ ಮಾತಿಗೆ. ಒಳಗಿನ ಚೀಟಿಯೇ ಅಷ್ಟು ದೂರ ಹೋಗುವುದಿಲ್ಲ. ಮನಸ್ಸಿನ ಕುಗ್ಗುವಿಕೆ, ಪಕ್ಕೆಯ ಬಿಗಿತ, ಹಸಿವಿಲ್ಲದಿರುವುದು, ಮುಟ್ಟಿನ ಏರುಪೇರು ಎಂದಷ್ಟೇ ಹೇಳುತ್ತದೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮುಟ್ಟು ನಿಂತ 71 ಮಹಿಳೆಯರ ಪೈಕಿ ಕೆಲವರಿಗೆ ಡಾಂಗ್ ಗುಯಿಯನ್ನು, ಉಳಿದವರಿಗೆ ಹುಸಿಮಾತ್ರೆಯನ್ನು 24 ವಾರ ಕೊಟ್ಟು ನೋಡಿದಾಗ, ಮೈ ಬಿಸಿಯೇರುವಿಕೆಯಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚೀನೀ ವೈದ್ಯರು ಆ ಬೇರನ್ನು ಸಾಮಾನ್ಯವಾಗಿ ಒಂಟಿಯಾಗಿ ಕೊಡುವುದಿಲ್ಲ ಎಂಬ ವಾದ ನ್ಯಾಯವಾದದ್ದೇ. ಆದರೆ ಡಬ್ಬಿಯ ಭರವಸೆಗೆ ಅದರಿಂದ ಆಧಾರವೇನೂ ಸಿಕ್ಕಂತಾಗುವುದಿಲ್ಲ. ಮುಟ್ಟಿನ ಏರುಪೇರಿಗೆ ಕಾರಣ ಥೈರಾಯ್ಡ್ ತೊಂದರೆಯೋ, ಅಂಡಾಶಯದ ಸಮಸ್ಯೆಯೋ, ಗರ್ಭವೇ ನಿಂತಿದೆಯೋ ಎಂಬುದನ್ನು ಪರೀಕ್ಷೆಯಿಂದ ತಿಳಿದುಕೊಳ್ಳದೆ ಇದನ್ನು ಆರಂಭಿಸಬಾರದು. ಮುಟ್ಟು ನಿಂತ ಮೇಲೆ ರಕ್ತಸ್ರಾವವಾದರಂತೂ ಯಾವ ಮೂಲಿಕೆಯನ್ನೂ ಮುಟ್ಟದೆ ವೈದ್ಯರ ಬಳಿಗೆ ಹೋಗಬೇಕು.

ಬೇರೆ ಔಷಧಗಳೊಂದಿಗಿನ ಘರ್ಷಣೆ ಇನ್ನೂ ಗಂಭೀರವಾದ ವಿಷಯ. ಡಾಂಗ್ ಗುಯಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಎಂಬ ಔಷಧದ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿಮಾಡಬಲ್ಲದು. ಆದ್ದರಿಂದ ಶಸ್ತ್ರಚಿಕಿತ್ಸೆ ಗೊತ್ತಾಗಿರುವವರು ಇದನ್ನು ಸೇವಿಸುತ್ತಿರುವ ಸಂಗತಿಯನ್ನು ಮೊದಲೇ ತಿಳಿಸಬೇಕು. ಜ್ಯೇಷ್ಠಮಧುವಿನ ಅತಿಬಳಕೆ ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಮ್ ಅನ್ನು ಇಳಿಸುತ್ತದೆ. ಗರ್ಭಿಣಿಯರು, ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಮತ್ತು ಯಕೃತ್ತಿನ ತೊಂದರೆಯುಳ್ಳವರು ತಜ್ಞರ ಅನುಮತಿಯಿಲ್ಲದೆ ಇದನ್ನು ಬಳಸಬಾರದು. ಇದೇ ಹೆಸರಿನ ಮುಂದೆ ‘ಜ್ಯಾ ವೇಯ್’ (ಹೆಚ್ಚುವರಿ ಮೂಲಿಕೆ ಸೇರಿಸಿದ್ದು) ಎಂದಿರುವ ಡಬ್ಬಿಯೂ ಅಂಗಡಿಯಲ್ಲಿ ಪಕ್ಕದಲ್ಲೇ ಇರುತ್ತದೆ. ಅದರಲ್ಲಿ ಗಾರ್ಡೇನಿಯಾ ಕಾಯಿ ಸೇರಿದ್ದು, ಅಂಥ ಔಷಧಗಳನ್ನು ವರ್ಷಾನುಗಟ್ಟಲೆ ಸೇವಿಸಿದವರಲ್ಲಿ ಕರುಳಿನ ರಕ್ತನಾಳಗಳು ಗಡುಸಾದ ಪ್ರಕರಣಗಳು ಜಪಾನಿನಲ್ಲಿ ವರದಿಯಾಗಿವೆ.

ನಾನು ಬಿಡಿ ಪುಡಿಯನ್ನು ಕೊಳ್ಳದಿರುವುದಕ್ಕೂ ಕಾರಣವಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ, ತೂಕ ಇಳಿಸುವ ಚಿಕಿತ್ಸೆಯ ಚೀನೀ ಮೂಲಿಕೆಯೊಂದರ ಜಾಗದಲ್ಲಿ ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿಹೋಗಿ, ಹಲವಾರು ಮಹಿಳೆಯರ ಮೂತ್ರಪಿಂಡಗಳೇ ಕೆಟ್ಟವು. ಚೀನಾದಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಸಿದ್ಧೌಷಧದ ಡಬ್ಬಿಯ ಮೇಲೆ ಸರ್ಕಾರಿ ಅನುಮೋದನೆಯ ಸಂಖ್ಯೆ, ಸಾಂಪ್ರದಾಯಿಕ ಔಷಧವೆಂದು ಸೂಚಿಸುವ ‘ಝಡ್’ ಅಕ್ಷರ ಮತ್ತು 8 ಅಂಕಿಗಳೊಂದಿಗೆ ಇರುತ್ತದೆ. ನಾನು ಕೊಂಡ ಡಬ್ಬಿಯಲ್ಲಿ ಅದು ಸ್ಪಷ್ಟವಾಗಿತ್ತು. ಆದರೆ ಅಡ್ಡಪರಿಣಾಮಗಳ ಜಾಗದಲ್ಲಿ ‘ಇನ್ನೂ ಸ್ಪಷ್ಟವಿಲ್ಲ’ ಎಂದಷ್ಟೇ ಅಚ್ಚಾಗಿತ್ತು. ಇಷ್ಟು ಹಳೆಯ ಔಷಧದ ತಯಾರಕರಿಂದ ಆ ಒಂದು ಸಾಲು ನನಗೆ ಒಪ್ಪಿಗೆಯಾಗಲಿಲ್ಲ. ಮುಟ್ಟಿನ ಮುಂಚಿನ ಸಾಧಾರಣ ತೊಂದರೆಗೆ, ಬೇರೆ ಔಷಧವಿಲ್ಲದವರು, ವೈದ್ಯರ ನಿಗಾದಲ್ಲಿ, ಸೀಮಿತ ಅವಧಿಗೆ ಬಳಸುವುದಾದರೆ ನಾನು ಈ ಗುಳಿಗೆಯನ್ನು ಶಿಫಾರಸು ಮಾಡುತ್ತೇನೆ.