ಲಿನಕ್ಸ್ ಕರ್ನೆಲ್‌ನ ‘ದಿಸ್ ಸಿಪಿಯು’ ಸೌಲಭ್ಯ: ಬಳಸಿ ನೋಡಿದ ಮೇಲೆ

ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೆ ಓಡುವ ನೆಟ್‌ವರ್ಕ್ ಡ್ರೈವರ್ ಒಂದರಲ್ಲಿ ಒಳಬಂದ ಪ್ಯಾಕೆಟ್‌ಗಳ ಲೆಕ್ಕ ಇಡಬೇಕಾಗಿತ್ತು. ಎಲ್ಲ ಪ್ರೊಸೆಸರ್‌ಗಳಿಗೂ ಸೇರಿ ಒಂದೇ ಕೌಂಟರ್ ಇಟ್ಟರೆ, ಅದು ಕುಳಿತಿರುವ 64 ಬೈಟ್‌ಗಳ ಕ್ಯಾಶ್ ಲೈನ್ (ಪ್ರೊಸೆಸರ್ ತನ್ನ ಹತ್ತಿರ ಇಟ್ಟುಕೊಳ್ಳುವ ಮೆಮೊರಿಯ ತುಣುಕು) ಪ್ರೊಸೆಸರ್‌ಗಳ ನಡುವೆ ಅಲೆಯುತ್ತಲೇ ಇರುತ್ತದೆ. ಪ್ರತಿ ಪ್ರೊಸೆಸರ್‌ಗೂ ಅದರದೇ ಪ್ರತಿ ಕೊಟ್ಟರೆ ಈ ಅಲೆದಾಟ ನಿಲ್ಲುತ್ತದೆ, ಆದರೆ ‘ನನ್ನ ಪ್ರತಿ ಎಲ್ಲಿದೆ’ ಎಂದು ಹುಡುಕುವುದಕ್ಕೂ ಒಂದು ಖರ್ಚಿದೆ. 2010ರಲ್ಲಿ ಬಂದ 2.6.33 ಆವೃತ್ತಿಯಿಂದ ಕರ್ನೆಲ್‌ನಲ್ಲಿರುವ ‘ದಿಸ್ ಸಿಪಿಯು’ ಕಾರ್ಯಗಳನ್ನು (ಪ್ರೊಸೆಸರ್ ತನ್ನದೇ ಪ್ರತಿಯನ್ನು ಓದುವ, ತಿದ್ದುವ ಕಾರ್ಯಗಳು ಇವು) ಆ ಖರ್ಚನ್ನು ಎಷ್ಟು ಇಳಿಸುತ್ತವೆ ಎಂಬುದರ ಮೇಲೆಯೇ ಅಳೆಯಬೇಕು.

ಹಳೆಯ ಕ್ರಮದಲ್ಲಿ ಮೊದಲು ಪ್ರಿಎಂಪ್ಷನ್ (ಓಡುತ್ತಿರುವ ಕೆಲಸವನ್ನು ನಡುವೆಯೇ ತಡೆದು ಬೇರೆಯದಕ್ಕೆ ಸರದಿ ಕೊಡುವುದು) ನಿಲ್ಲಿಸಿ, ಪ್ರೊಸೆಸರ್ ಸಂಖ್ಯೆ ಕೇಳಿ, ಅದರ ಆಫ್‌ಸೆಟ್ (ಅದರ ಪ್ರತಿ ಎಷ್ಟು ದೂರದಲ್ಲಿದೆ ಎಂಬ ಸಂಖ್ಯೆ) ತೆಗೆದು, ವಿಳಾಸ ಕೂಡಿಸಿ, ಮೌಲ್ಯ ಹೆಚ್ಚಿಸಿ, ಪ್ರಿಎಂಪ್ಷನ್‌ಗೆ ಮತ್ತೆ ಅವಕಾಶ ಕೊಡಬೇಕು. ಪ್ರಿಎಂಪ್ಷನ್ ನಿಲ್ಲಿಸದೆ ಬಿಟ್ಟರೆ, ವಿಳಾಸ ಸಿಕ್ಕಿದ ಮೇಲೆ ಮತ್ತು ಮೌಲ್ಯ ಹೆಚ್ಚಿಸುವ ಮುನ್ನ ಸರದಿ ಹಂಚುವ ಶೆಡ್ಯೂಲರ್ ಈ ಥ್ರೆಡ್ಡನ್ನು (ಓಡುತ್ತಿರುವ ಕೆಲಸವನ್ನು) ಬೇರೆ ಪ್ರೊಸೆಸರ್‌ಗೆ ಎತ್ತಿ ಹಾಕಬಹುದು. ಆಗ ಇಬ್ಬರು ಒಂದೇ ಪ್ರತಿಯನ್ನು ತಿದ್ದಿ ಒಂದು ಎಣಿಕೆ ಕಳೆದುಹೋಗುತ್ತದೆ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಎಕ್ಸ್86-64ರಲ್ಲಿ ಈ ನಡುವಿನ ಅಂತರವೇ ಇಲ್ಲ. ಅಲ್ಲಿ ಜಿಎಸ್ ಸೆಗ್ಮೆಂಟ್ ಎಂಬ ರಿಜಿಸ್ಟರ್ ಮೆಮೊರಿಯಲ್ಲಿ ಆಯಾ ಪ್ರೊಸೆಸರ್‌ನ ಭಾಗಕ್ಕೆ ತೋರುತ್ತಿರುತ್ತದೆ, ಹಾಗಾಗಿ ವಿಳಾಸ ಹುಡುಕುವುದೂ ಮೌಲ್ಯ ಹೆಚ್ಚಿಸುವುದೂ ಒಂದೇ ಸೂಚನೆಯೊಳಗೆ ಮುಗಿಯುತ್ತವೆ. ಡ್ರೈವರನ್ನು ಬದಲಿಸಿ ಡಿಸ್‌ಅಸೆಂಬ್ಲಿ (ಯಂತ್ರಸೂಚನೆಗಳ ಪಟ್ಟಿ) ತೆಗೆದಾಗ, ಆ ಇಡೀ ಸಾಲಿನ ಕೆಲಸದ ಜಾಗದಲ್ಲಿ ಜಿಎಸ್ ಪೂರ್ವಪದ ಹೊತ್ತ ಒಂದೇ ಒಂದು ‘ಇಂಕ್’ (ಒಂದನ್ನು ಕೂಡಿಸುವ ಸೂಚನೆ) ಉಳಿದಿತ್ತು. ಇನ್ನೊಂದು ಪ್ರೊಸೆಸರ್ ಈ ಪ್ರತಿಯನ್ನು ತಿದ್ದುವುದಿಲ್ಲವಾದ್ದರಿಂದ ಬೇರೆ ಪ್ರೊಸೆಸರ್‌ಗಳನ್ನು ತಡೆಯುವ ದುಬಾರಿಯಾದ ‘ಲಾಕ್’ ಪೂರ್ವಪದವೂ ಬೇಕಿಲ್ಲ. ಇಷ್ಟು ಅಚ್ಚುಕಟ್ಟಾದ ಪರಿಹಾರವನ್ನು ಕರ್ನೆಲ್ ಕೋಡ್‌ನಲ್ಲಿ ನಾನು ಕಂಡದ್ದು ವಿರಳ.

ಎಲ್ಲ ಯಂತ್ರಗಳಲ್ಲೂ ಇಷ್ಟೇ ಲಾಭ ಸಿಗುವುದಿಲ್ಲ. ಇನ್ನೊಂದು ಪ್ರೊಸೆಸರ್ ಬಗೆಯಾದ ಆರ್ಮ್64ರಲ್ಲಿ ಆಫ್‌ಸೆಟ್ ಒಂದು ಸಿಸ್ಟಮ್ ರಿಜಿಸ್ಟರ್‌ನಲ್ಲಿ ಇರುತ್ತದೆ. ಅದನ್ನು ಓದಿ ವಿಳಾಸ ಕಟ್ಟುವ ಹೆಜ್ಜೆ ಬೇರೆಯೇ ಆಗಬೇಕಾದ್ದರಿಂದ, ಪ್ರಿಎಂಪ್ಷನ್ ನಿಲ್ಲಿಸುವ ಕೆಲಸ ಈ ಕಾರ್ಯದ ಮ್ಯಾಕ್ರೋದೊಳಗೆ (ಕಂಪೈಲ್ ಆಗುವಾಗ ಕೋಡ್ ಆಗಿ ಹರಡಿಕೊಳ್ಳುವ ಹೆಸರು) ಮರಳಿ ಬರುತ್ತದೆ. ಬರೆಯುವವರಿಗೆ ಸಾಲು ಒಂದೇ, ವೆಚ್ಚ ಮಾತ್ರ ಬೇರೆ.

ನನ್ನ ಮುಖ್ಯ ತಕರಾರು ಹೆಸರುಗಳದ್ದು. ಹೆಸರಿನ ಮುಂದೆ ಎರಡು ಅಡಿಗೆರೆ ಇರುವ ರೂಪವು ಪ್ರಿಎಂಪ್ಷನ್ ತಡೆಯುವ ಹೊಣೆಯನ್ನು ಕರೆಯುವವರಿಗೇ ಬಿಡುತ್ತದೆ, ಅಡಿಗೆರೆ ಇಲ್ಲದ ರೂಪ ತಾನೇ ನೋಡಿಕೊಳ್ಳುತ್ತದೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ಎರಡು ಗೆರೆಗಳ ಮೇಲೆ ಹೊರಿಸಿದ್ದು ಸರಿಯಲ್ಲ. ಎಕ್ಸ್86ರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸೂಚನೆಯಾಗುವುದರಿಂದ ತಪ್ಪು ಅಲ್ಲಿ ಅಡಗಿಕೊಳ್ಳುತ್ತದೆ. ಸಾಮಾನ್ಯ ಪ್ರಕ್ರಿಯೆಯ ಸಂದರ್ಭದಲ್ಲಿ, ಅಂದರೆ ಪ್ರಿಎಂಪ್ಷನ್ ನಡೆಯಬಹುದಾದಲ್ಲಿ, ಅಡಿಗೆರೆಯ ರೂಪ ಬರೆದಿದ್ದ ನನ್ನ ಕೋಡ್ ಎಲ್ಲ ಪರೀಕ್ಷೆಗಳಲ್ಲೂ ಗೆದ್ದಿತ್ತು. ಇಂಥ ತಪ್ಪುಗಳನ್ನು ಪತ್ತೆಹಚ್ಚುವ ‘ಡೀಬಗ್ ಪ್ರಿಎಂಪ್ಟ್’ ಆಯ್ಕೆ ಹಾಕಿ ಕರ್ನೆಲ್ ಕಟ್ಟಿದ ಮೊದಲ ಬೂಟ್‌ನಲ್ಲೇ ಲಾಗ್ ತುಂಬ ಎಚ್ಚರಿಕೆಗಳು ಬಂದವು. ಈ ಸೌಲಭ್ಯ ಬಳಸುವವರು ಆ ಆಯ್ಕೆಯಿಲ್ಲದೆ ಪರೀಕ್ಷೆ ನಡೆಸಬಾರದು.

ರಕ್ಷಣೆ ಒಂದೊಂದು ಕಾರ್ಯಕ್ಕೆ ಮಾತ್ರ ಎಂಬುದನ್ನೂ ನೆನಪಿಡಬೇಕು. ಎರಡು ಕಾರ್ಯಗಳ ನಡುವೆ ಥ್ರೆಡ್ ಬೇರೆ ಪ್ರೊಸೆಸರ್‌ಗೆ ಹೋದರೆ, ಪ್ಯಾಕೆಟ್ ಸಂಖ್ಯೆ ಒಂದು ಪ್ರೊಸೆಸರ್‌ನಲ್ಲಿ, ಅದೇ ಪ್ಯಾಕೆಟ್‌ನ ಬೈಟ್ ಸಂಖ್ಯೆ ಇನ್ನೊಂದರಲ್ಲಿ ಸೇರಬಹುದು. ಕೊನೆಗೆ ಎಲ್ಲ ಪ್ರತಿಗಳನ್ನೂ ಕೂಡಿಸುವ ಲೆಕ್ಕಕ್ಕೆ ಇದರಿಂದ ಬಾಧೆಯಿಲ್ಲ. ಎರಡು ಮೌಲ್ಯಗಳು ಒಂದಕ್ಕೊಂದು ಹೊಂದಿಕೊಂಡೇ ಇರಬೇಕಾದಲ್ಲಿ ಮಾತ್ರ ಪ್ರಿಎಂಪ್ಷನ್ ತಡೆಯನ್ನೋ, 5.8 ಆವೃತ್ತಿಯಲ್ಲಿ ಬಂದ ಲೋಕಲ್ ಲಾಕ್ (ಒಂದು ಪ್ರೊಸೆಸರ್‌ನ ಮಾಹಿತಿಯನ್ನಷ್ಟೇ ಕಾಯುವ ಬೀಗ) ಅನ್ನೋ ಹಿಡಿಯಬೇಕು. ಕೂಡಿಸುತ್ತಿರುವಾಗಲೂ ಉಳಿದ ಪ್ರೊಸೆಸರ್‌ಗಳು ಎಣಿಸುತ್ತಲೇ ಇರುವುದರಿಂದ ಸಿಗುವ ಮೊತ್ತ ಅಂದಾಜಿನದು. ಅಂಕಿಅಂಶಕ್ಕೆ ಅದು ಸಾಕು, ಮೆಮೊರಿಯಲ್ಲಿರುವ ವಸ್ತುವೊಂದನ್ನು ಯಾವುದಾದರೂ ಕೋಡ್ ಇನ್ನೂ ಬಳಸುತ್ತಿದೆಯೇ ಎಂದು ತೀರ್ಮಾನಿಸುವುದಕ್ಕೆ ಸಾಲದು.