ಹೆಕ್ಸೇನ್ ಜಾಗಕ್ಕೆ 2-ಮೀಥೈಲ್‌ಆಕ್ಸೋಲೇನ್: ಸೋಯಾ ಎಣ್ಣೆಗೆ ಒಗ್ಗುತ್ತದೆಯೇ?

ಶೇಂಗಾ ಬೀಜದಲ್ಲಿ ನೂರಕ್ಕೆ 45–50 ಪಾಲು ಎಣ್ಣೆ ಇರುತ್ತದೆ, ಗಾಣಕ್ಕೆ ಹಾಕಿದರೂ ನಷ್ಟವಿಲ್ಲ. ಸೋಯಾದಲ್ಲಿ ಇರುವುದೇ 18–20 ಪಾಲು. ಯಂತ್ರದಲ್ಲಿ ಒತ್ತಿದರೆ ಅದರಲ್ಲೂ ಒಂದು ದೊಡ್ಡ ಪಾಲು ಹಿಂಡಿಯಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಬೀದರಿನ ಸೋಯಾ ಆಗಲಿ, ಮಧ್ಯಪ್ರದೇಶದ ಸೋಯಾ ಆಗಲಿ, ಎಣ್ಣೆಯನ್ನು ಕರಗಿಸಿ ಎಳೆಯುವ ದ್ರವ, ಅಂದರೆ ದ್ರಾವಕವಿಲ್ಲದೆ ಕೆಲಸ ಪೂರ್ತಿಯಾಗುವುದಿಲ್ಲ. ಇದುವರೆಗೆ ಎಲ್ಲೆಡೆ ಬಳಕೆಯಲ್ಲಿರುವುದು ಹೆಕ್ಸೇನ್. ಅದು ಪೆಟ್ರೋಲಿಯಂ ಮೂಲದ್ದು, ಅದರ ಆವಿಯಲ್ಲೇ ದುಡಿಯುವವರ ನರಗಳಿಗೆ ವಿಷ.

ಬದಲಿಗೆ ಬಂದಿರುವುದು 2-ಮೀಥೈಲ್‌ಆಕ್ಸೋಲೇನ್. ಪೆನ್ನಕೆಮ್ ಕಂಪನಿ ಇದನ್ನು ಇಕೋಎಕ್ಸ್‌ಟ್ರಾಕ್ಟ್ ಹೆಸರಿನಲ್ಲಿ ಮಾರುತ್ತದೆ. ಪ್ರಯೋಗಾಲಯದ ಬಾಟಲಿಗಳ ಮೇಲೆ 2-ಮೀಥೈಲ್ ಟೆಟ್ರಾಹೈಡ್ರೋಫ್ಯೂರಾನ್ ಎಂದಿರುತ್ತದೆ, ಎರಡೂ ಒಂದೇ. ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಿಂಡುಗಳಿಂದ ಸಿಗುವ ಫರ್ಫ್ಯೂರಲ್ ಎಂಬ ರಾಸಾಯನಿಕ ಇದರ ಮೂಲ. ಯುರೋಪಿಯನ್ ಒಕ್ಕೂಟ 2023ರ ಜನವರಿಯಲ್ಲಿ ಆಹಾರ ತಯಾರಿಕೆಗೆ ಇದನ್ನು ಒಪ್ಪಿತು. ಎಣ್ಣೆಯಲ್ಲಿ ಕಿಲೋಗೆ 1 ಮಿಲಿಗ್ರಾಂಗಿಂತ ಹೆಚ್ಚು ಉಳಿಯುವಂತಿಲ್ಲ.

ಹೆಕ್ಸೇನ್‌ಗೆ ಇನ್ನೊಂದು ಬದಲಿಯಾದ ಎಥೆನಾಲ್‌ಗಿಂತ ಇದು ಮೇಲು ಎನ್ನಲು ಮುಖ್ಯ ಕಾರಣ ಇಂಧನದ ಖರ್ಚು. ಒಂದು ಕಿಲೋ ಹೆಕ್ಸೇನನ್ನು ಆವಿ ಮಾಡಲು ಸುಮಾರು 335 ಕಿಲೋಜೂಲ್ ಬೇಕು, ಇದಕ್ಕೆ 365ರ ಆಸುಪಾಸು, ಎಥೆನಾಲ್‌ಗೆ 840 ದಾಟುತ್ತದೆ. ಎಥೆನಾಲ್ ನೀರು ಹೀರಿದಷ್ಟೂ ಎಣ್ಣೆ ಕರಗಿಸುವ ಶಕ್ತಿ ಕಳೆದುಕೊಳ್ಳುತ್ತದೆ, ಮೇಲಾಗಿ ಅಬಕಾರಿ ಇಲಾಖೆಯ ಪರವಾನಗಿಯ ಓಡಾಟ ಬೇರೆ. ಅದಕ್ಕಿರುವ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು: ಬಿಸಿಯಲ್ಲಿ ಕರಗಿದ ಎಣ್ಣೆ ತಣಿಸಿದಾಗ ತಾನೇ ಬೇರೆಯಾಗಿ ಕೆಳಗೆ ಕೂರುತ್ತದೆ.

ಸಾಕ್ಸ್‌ಲೆಟ್‌ನಲ್ಲಿ (ಬಿಸಿ ದ್ರಾವಕವನ್ನು ಪುಡಿಯ ಮೇಲೆ ಮತ್ತೆ ಮತ್ತೆ ಹರಿಸುವ ಪ್ರಯೋಗಾಲಯದ ಗಾಜಿನ ಉಪಕರಣ) ಬಳಸುವವರು ಸಿಪ್ಪೆ ತೆಗೆದ ಸೋಯಾವನ್ನು 60 ಡಿಗ್ರಿಯಲ್ಲಿ ಚೆನ್ನಾಗಿ ಒಣಗಿಸಿ, ಅರ್ಧ ಮಿಲಿಮೀಟರ್ ಜರಡಿಗೆ ಇಳಿಯುವಷ್ಟು ಪುಡಿ ಮಾಡಿಕೊಳ್ಳಿ. ಹಿಟ್ಟಿನಷ್ಟು ನುಣ್ಣಗಾದರೆ ಪುಡಿ ತುಂಬುವ ದಪ್ಪ ಕಾಗದದ ಕೊಳವೆ, ಅಂದರೆ ಥಿಂಬಲ್, ಕಟ್ಟಿಕೊಂಡು ದ್ರಾವಕ ಮೇಲೆಯೇ ನಿಲ್ಲುತ್ತದೆ. 30 ಗ್ರಾಂ ಪುಡಿಗೆ 250–300 ಮಿಲಿಲೀಟರ್ ದ್ರಾವಕ, ಥಿಂಬಲ್ ಬಾಯಿಗೆ ಹತ್ತಿ. ಪುಡಿಯ ಮಟ್ಟ ಸೈಫನ್ ಕೊಳವೆಯ ತುದಿಗಿಂತ ಕೆಳಗೇ ಇರಲಿ. 6ರಿಂದ 8 ಗಂಟೆ ಸಾಕು. ಕುದಿಬಿಂದು 80 ಡಿಗ್ರಿ, ಹೆಕ್ಸೇನ್‌ಗಿಂತ ಸುಮಾರು 11 ಡಿಗ್ರಿ ಹೆಚ್ಚು. ಆಮೇಲೆ ಕಡಿಮೆ ಒತ್ತಡದಲ್ಲಿ ದ್ರಾವಕವನ್ನು ಆವಿ ಮಾಡಿ ಎಣ್ಣೆಯಿಂದ ಬೇರ್ಪಡಿಸುವ ರೋಟರಿ ಇವಾಪೊರೇಟರ್‌ನಲ್ಲಿ ನೀರಿನ ತೊಟ್ಟಿ 60 ಡಿಗ್ರಿ, ಒತ್ತಡ ಮೊದಲಿಗೆ 300 ಮಿಲಿಬಾರ್, ಕೊನೆಯಲ್ಲಿ ಇನ್ನೂ ಇಳಿಸಿ.

ಒಣಗಿಸುವುದರಲ್ಲಿ ಉದಾಸೀನ ಬೇಡ. ನೀರು ಸೇರಿದರೆ ಈ ದ್ರಾವಕ ಸುಮಾರು 71 ಡಿಗ್ರಿಗೇ ನೀರನ್ನೂ ಹೊತ್ತು ಆವಿಯಾಗುತ್ತದೆ, ಕಂಡೆನ್ಸರ್‌ನಿಂದ ಮಬ್ಬು ಹನಿ ಬೀಳುತ್ತದೆ. ಒದ್ದೆ ದ್ರಾವಕ ಸಕ್ಕರೆ, ಅಂಟಿನಂಥ ಫಾಸ್ಫೋಲಿಪಿಡ್‌ಗಳನ್ನೂ ಎಳೆದು ತರುತ್ತದೆ. ತೂಕ ಹೆಚ್ಚು ಕಂಡಿತೆಂದು ಹಿಗ್ಗಬೇಡಿ, ಅದೆಲ್ಲ ಎಣ್ಣೆಯಲ್ಲ. ಒಣ ದ್ರಾವಕದಲ್ಲೂ ಹೆಕ್ಸೇನ್‌ಗಿಂತ ಅಂಟು ಜಾಸ್ತಿಯೇ ಬರಬಹುದು, ಬಿಸಿನೀರು ಹಾಕಿ ಆ ಅಂಟನ್ನು ತೆಗೆಯಲೇಬೇಕು (ಡಿಗಮ್ಮಿಂಗ್). ವಾಪಸು ಸಿಕ್ಕ ದ್ರಾವಕದಿಂದ ನೀರು ಬೇರ್ಪಡಿಸುವಾಗ ತಣ್ಣಗೆ ಮಾಡಬೇಡಿ. ಇದು 20 ಡಿಗ್ರಿ ನೀರಿನಲ್ಲಿ ಶೇಕಡಾ 14ರಷ್ಟು ಕರಗುತ್ತದೆ, 60 ಡಿಗ್ರಿಯಲ್ಲಿ ಅದರ ಅರ್ಧದಷ್ಟು ಮಾತ್ರ. ಬೆಚ್ಚಗಿದ್ದಾಗಲೇ ಪದರ ಬಿಡಿಸಿದರೆ ನೀರಿನ ಜೊತೆ ಹೋಗಿಬಿಡುವ ದ್ರಾವಕ ಉಳಿತಾಯವಾಗುತ್ತದೆ.

ನಿಜವಾದ ಅಪಾಯ ಪೆರಾಕ್ಸೈಡ್. ಇದು ಈಥರ್ ಜಾತಿಯದು, ಗಾಳಿ ಬೆಳಕಿಗೆ ಸಿಕ್ಕರೆ ಸಿಡಿಯಬಲ್ಲ ಪೆರಾಕ್ಸೈಡ್ ಕಟ್ಟುತ್ತದೆ. ಅದನ್ನು ತಡೆಯಲು ಪ್ರಯೋಗಾಲಯದ ಬಾಟಲಿಗಳಿಗೆ ಸಾಮಾನ್ಯವಾಗಿ ಬಿಎಚ್‌ಟಿ ಸೇರಿಸಿರುತ್ತಾರೆ. ಭಟ್ಟಿ ಇಳಿಸಿದಾಗ ಬಿಎಚ್‌ಟಿ ಆವಿಯ ಜೊತೆ ಬರದೆ ಎಣ್ಣೆಯಲ್ಲೇ ಉಳಿಯುತ್ತದೆ, ವಾಪಸು ಬಂದ ದ್ರಾವಕಕ್ಕೆ ರಕ್ಷಣೆ ಇರುವುದಿಲ್ಲ. ಆದ್ದರಿಂದ ಕಂದು ಬಾಟಲಿ, ಮೇಲೆ ನೈಟ್ರೋಜನ್, ಪ್ರತಿ ಸಲ ಬಿಸಿ ಮಾಡುವ ಮುನ್ನ ಪೆರಾಕ್ಸೈಡ್ ಪರೀಕ್ಷಾ ಪಟ್ಟಿ. ದ್ರಾವಕವನ್ನಷ್ಟೇ ಭಟ್ಟಿ ಇಳಿಸುವಾಗ ತಳ ಒಣಗುವವರೆಗೆ ಎಂದೂ ಬಿಡಬೇಡಿ, ಸಿಡಿಯಬಹುದು. ನೈಟ್ರೈಲ್ ರಬ್ಬರ್ ವಾಷರ್‌ಗಳು ಇದರಲ್ಲಿ ಉಬ್ಬುತ್ತವೆ, ಟೆಫ್ಲಾನ್ ಹಾಕಿಸಿ.

ಬೆಲೆ ಹೆಕ್ಸೇನ್‌ನ ಹಲವು ಪಟ್ಟು. ದ್ರಾವಕವನ್ನು ಬಿಗಿಯಾಗಿ ಮರಳಿ ಹಿಡಿಯುವ ಘಟಕಕ್ಕೆ ಮಾತ್ರ ಇದು ಗಿಟ್ಟುತ್ತದೆ, ಆವಿ ಸೋರುವ ಹಳೆಯ ಘಟಕಕ್ಕೆ ಬೇಡ. ಅಂಥ ಬಿಗಿ ವ್ಯವಸ್ಥೆ ಇರುವವರಿಗೆ, ಕೆಲಸಗಾರರ ಆರೋಗ್ಯದ ಲೆಕ್ಕವನ್ನೂ ಹಿಡಿದರೆ, ಧೈರ್ಯವಾಗಿ ಶಿಫಾರಸು ಮಾಡುತ್ತೇವೆ. ಮಾರಾಟಕ್ಕೆ ಎಣ್ಣೆ ತೆಗೆಯುವವರು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅನುಮತಿ ಇತ್ಯರ್ಥ ಮಾಡಿಕೊಂಡೇ ದ್ರಾವಕ ತರಿಸಿ. ಅಡುಗೆಮನೆಯಲ್ಲಂತೂ ಇದರ ಬಾಟಲಿ ತೆರೆಯಲೇಬೇಡಿ: ಮೈನಸ್ 11 ಡಿಗ್ರಿಯಲ್ಲೇ ಇದರ ಆವಿಗೆ ಬೆಂಕಿ ಹತ್ತಬಲ್ಲದು. ಥಿಂಬಲ್‌ನಿಂದ ತೆಗೆದ ಹಿಂಡಿಯನ್ನೂ ನೇರ ಬಿಸಿ ಓವನ್‌ಗೆ ಇಡದೆ, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿ ರಾತ್ರಿಯಿಡೀ ಹರಡಿಡಿ.